ಭಾವನ ಬಾಕಿ, ಚರ್ಚಿನ ಲೆಕ್ಕ: ಓದುಗರ ಸ್ಪಂದನ

ಸಮಸ್ಯೆ: ನಾನು ನಮ್ಮ ಚರ್ಚಿನ ಸಭೆಯ ಖಜಾಂಚಿ. ಬೆಳೆ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜಿನಲ್ಲಿ ಕೂಗಿದ ಹಣವನ್ನು ನನ್ನ ಹೆಂಡತಿಯ ಅಣ್ಣ ಇನ್ನೂ ಕಟ್ಟಿಲ್ಲ. ಅವರೂ ಸಮಿತಿಯಲ್ಲಿದ್ದಾರೆ. ಕೇಳಿದರೆ ಮನೆಯಲ್ಲಿ ಜಗಳ, ಕೇಳದಿದ್ದರೆ ಸಮಿತಿಯಲ್ಲಿ ಗುಸುಗುಸು. ಏನು ಮಾಡಲಿ?

ಭಾವನವರೊಬ್ಬರನ್ನೇ ಕೇಳುವುದನ್ನು ಮೊದಲು ನಿಲ್ಲಿಸಿ. ಬಾಕಿದಾರರೆಲ್ಲರ ಪಟ್ಟಿ ಮಾಡಿ: ಹರಾಜಿನ ಚೀಟಿ ನಂಬರ್, ವಸ್ತು, ಕೂಗಿದ ಮೊತ್ತ, ಕಟ್ಟಿದ್ದು, ಉಳಿದದ್ದು. ಉಮೇದಿನಲ್ಲಿ ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿ, ಮನೆಗೆ ಹೋದಮೇಲೆ ಲೆಕ್ಕ ಹಾಕುವವರು ಎಲ್ಲ ಸಭೆಗಳಲ್ಲೂ ಇರುತ್ತಾರೆ. ನಿಮ್ಮ ಪಟ್ಟಿಯಲ್ಲಿ ಭಾವ ಒಬ್ಬರೇ ಇರಲಾರರು. ಎಲ್ಲರಿಗೂ ಒಂದೇ ಗಡುವು, ಕಷ್ಟವಿದ್ದವರಿಗೆ ಮೂರು ಕಂತು ಎಂದು ಸಮಿತಿ ಠರಾವು ಮಾಡಲಿ. ಪತ್ರಕ್ಕೆ ಕಾರ್ಯದರ್ಶಿ ಸಹಿ ಹಾಕಲಿ. ಭಾವನವರ ಹೆಸರು ಚರ್ಚೆಗೆ ಬಂದಾಗ ಸಂಬಂಧ ತಿಳಿಸಿ ನೀವು ಹೊರಗೆ ಕೂತುಕೊಳ್ಳಿ, ಅವರೂ ಹೊರಗಿರಲಿ. ಇದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.

ಮನೆಶಾಂತಿಗೆಂದು ನಿಮ್ಮ ಜೇಬಿನಿಂದ ಕಟ್ಟಿ ಅವರ ಹೆಸರಿಗೆ ರಸೀದಿ ಹರಿಯಬೇಡಿ. ಇಂಥದ್ದು ಹೊರಬೀಳದೆ ಇರುವುದಿಲ್ಲ. ಆಮೇಲೆ ನೀವು ಬರೆದ ಬೇರೆ ರಸೀದಿಗಳ ಮೇಲೂ ಅನುಮಾನ. ಆರಾಧನೆಯ ಕೊನೆಯಲ್ಲಿ ಬಾಕಿದಾರರ ಹೆಸರು ಓದಿಸುವುದೂ ಬೇಡ. ತಪ್ಪು ಮಾಡಿದವರನ್ನು ತಿದ್ದಲು ಬೈಬಲಿನ ಮತ್ತಾಯ 18:15-17ರ ಕ್ರಮ ಸ್ಪಷ್ಟವಾಗಿದೆ: ಮೊದಲು ಒಬ್ಬನೇ ಹೋಗಿ ಮಾತಾಡುವುದು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆ. ನಿಮ್ಮ ವಿಷಯದಲ್ಲಿ ಆ ಮೊದಲ ಭೇಟಿ ಸಭಾಪಾಲಕರದ್ದಾಗಲಿ (ಪಾದ್ರಿಯವರದ್ದು).

— ಚರ್ಚಿನ ಲೆಕ್ಕ ತಪಾಸಣೆ ಮಾಡುವವರು, ಉಡುಪಿ

ಲೆಕ್ಕದ ಮಾತು ಸರಿ. ಆದರೆ ಅಣ್ಣನಿಗೂ ಗಂಡನಿಗೂ ನಡುವೆ ಸಿಕ್ಕಿಕೊಂಡವರು ನಿಮ್ಮ ಹೆಂಡತಿ. "ನಿಮ್ಮಣ್ಣನಿಗೆ ಹೇಳು" ಎಂಬ ಮಾತು ಇವತ್ತಿನಿಂದ ನಿಲ್ಲಲಿ. ತವರಿಗೆ ಫೋನ್ ಮಾಡಿದಾಗಲೆಲ್ಲ ಅವರು ಚರ್ಚಿನ ವಸೂಲಿದಾರರಾಗಬೇಕೇ? ಸಮಿತಿಯಲ್ಲಿ ಆದದ್ದನ್ನು ಊಟದ ಹೊತ್ತಿಗೆ ತರಬೇಡಿ. ಆದರೆ ಪೂರ್ತಿ ಮುಚ್ಚಿಡಲೂಬೇಡಿ. "ಎಲ್ಲರಿಗೂ ಪತ್ರ ಹೋಗುತ್ತದೆ, ಅಣ್ಣನಿಗೂ ಬರುತ್ತದೆ" ಎಂದು ಪತ್ರ ತಲುಪುವ ಮೊದಲೇ ಹೇಳಿ. ಬೇರೆಯವರ ಬಾಯಲ್ಲಿ ಕೇಳಿದರೆ ನೋವು ಹೆಚ್ಚು.

ಕಾಣಿಕೆಯ ಹಣ ಮನೆಯ ಬೀರುವಿನಲ್ಲಿದ್ದರೆ ಅದನ್ನೂ ಬಿಡಿಸಿ. ಆರಾಧನೆ ಮುಗಿದ ಕೂಡಲೇ ಇಬ್ಬರು ಎಣಿಸಿ ಸಹಿ ಹಾಕಲಿ, ಸೋಮವಾರ ಬ್ಯಾಂಕಿಗೆ ಹೋಗಲಿ. ದುಡ್ಡು ಮನೆಯಲ್ಲಿದ್ದರೆ ಜಗಳವೂ ಹುಡುಕಿಕೊಂಡು ಮನೆಗೇ ಬರುತ್ತದೆ. ಇನ್ನು, ಭಾನುವಾರ ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ಸಮಿತಿ ಸೇರಿಸುವವರಿಗೆ ನನ್ನದೊಂದು ನಮಸ್ಕಾರ! ವಾರದ ನಡುವಿನ ಸಂಜೆ, ಹೆಚ್ಚೆಂದರೆ ಒಂದೂವರೆ ಗಂಟೆ, ಚರ್ಚೆಯ ವಿಷಯಗಳು ಮೂರು ದಿನ ಮೊದಲೇ ಎಲ್ಲರ ಕೈಯಲ್ಲಿ.

— ಸ್ತ್ರೀ ಅನ್ಯೋನ್ಯ ಕೂಟದ ಸದಸ್ಯೆ, ಧಾರವಾಡ

ಸಂಬಂಧಿಕರ ವಿಷಯದಲ್ಲಿ ಸಭೆಯ ನಾಯಕರು ಮನಸ್ಸು ಕೆಡಿಸಿಕೊಂಡದ್ದು ಹೊಸದಲ್ಲ. ಆದಿ ಸಭೆಯ ನಾಯಕರಾದ ಪೌಲ, ಬಾರ್ನಬರು ಮಾರ್ಕನನ್ನು ಪ್ರಯಾಣಕ್ಕೆ ಕರೆದೊಯ್ಯುವ ವಿಷಯಕ್ಕೆ ತೀಕ್ಷ್ಣವಾಗಿ ವಾದಿಸಿ ಬೇರೆಬೇರೆ ದಾರಿ ಹಿಡಿದರು (ಬೈಬಲಿನ ಅಪೊಸ್ತಲರ ಕೃತ್ಯಗಳು 15). ಆ ಮಾರ್ಕ ಬಾರ್ನಬನ ಹತ್ತಿರದ ಸಂಬಂಧಿ ಎಂದು ಕೊಲೊಸ್ಸೆ 4:10ರಲ್ಲಿದೆ. ಅದೇ ಪೌಲ ಮುಂದೆ ಮಾರ್ಕನನ್ನು ಕರೆದುಕೊಂಡು ಬಾ ಎಂದು ತಿಮೊಥೆಯನಿಗೆ ಬರೆದ. ದೂರವಾದವರು ಮತ್ತೆ ಕೂಡಬಹುದು. ಹಾಗಾಗಿ ಖಜಾಂಚಿ ಹುದ್ದೆ ಬಿಡುವುದೂ ತಪ್ಪಲ್ಲ, ಆದರೆ ಜಗಳದ ನಡುವೆ ಬಿಟ್ಟರೆ ಬಾಕಿಯ ಮಾತೆಲ್ಲ ನಿಮ್ಮ ತಲೆಗೆ ಬರುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ತಪಾಸಣೆಯಾದ ಮೇಲೆ ಬಿಡಿ. ಚೆಕ್ ಬುಕ್, ಉಳಿದ ರಸೀದಿಗಳ ನಂಬರ್, ಬಾಕಿ ಪಟ್ಟಿ ಒಪ್ಪಿಸಿ ಸಹಿ ಪಡೆಯಿರಿ. ಬ್ಯಾಂಕಿನಲ್ಲಿ ನಿಮ್ಮ ಸಹಿ ರದ್ದಾಯಿತೇ ಎಂದು ವಿಚಾರಿಸಿ.

— ನಿವೃತ್ತ ಸಭಾಪಾಲಕರು, ಮೈಸೂರು