ಅನಾಮಾರ್ಫಿಕ್ ಚಿತ್ರದ ‘ಸ್ಕ್ವೀಜ್’, ‘ಡಿಸ್ಕ್ವೀಜ್’ಗೆ ಕನ್ನಡದಲ್ಲಿ ಏನನ್ನೋಣ?

ದಾವಣಗೆರೆಯಲ್ಲಿ ಮದುವೆ ವಿಡಿಯೋ, ಕಿರುಚಿತ್ರ ಮಾಡುವ ಹುಡುಗರಿಗಾಗಿ ಅನಾಮಾರ್ಫಿಕ್ ಲೆನ್ಸ್ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈ ಎರಡು ಪದಗಳ ಹತ್ತಿರ ಕೆಲಸ ನಿಂತಿದೆ.

ಈ ಲೆನ್ಸ್ ನೋಟದ ಅಗಲವನ್ನಷ್ಟೇ ಒತ್ತಿ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂರಿಸುತ್ತದೆ. ಇದೇ ‘ಸ್ಕ್ವೀಜ್’. ಎತ್ತರ ಹಾಗೇ ಇರುತ್ತದೆ. ದುರ್ಗದ ಕೋಟೆಯಲ್ಲಿ ಶೂಟ್ ಮಾಡಿದರೆ ಮದುಮಕ್ಕಳು, ಬತೇರಿ, ಬಂಡೆ ಎಲ್ಲವೂ ಸಣಕಲಾಗಿ ಉದ್ದುದ್ದ ಕಾಣುತ್ತವೆ. ಎಡಿಟಿಂಗಿನಲ್ಲಿ ಅಗಲ ವಾಪಸ್ ಕೊಟ್ಟಾಗ ಸರಿಹೋಗುತ್ತವೆ. ಇದು ‘ಡಿಸ್ಕ್ವೀಜ್’. 16:9 ಸೆನ್ಸರಿಗೆ (ಅಗಲ 16 ಇದ್ದರೆ ಎತ್ತರ 9) 1.33 ಪಟ್ಟು ಒತ್ತುವ ಲೆನ್ಸ್ ಹಾಕಿದರೆ ಸುಮಾರು 2.37:1 ಚಿತ್ರ ಸಿಗುತ್ತದೆ.

ಸ್ಕ್ವೀಜ್‌ಗೆ ‘ಹಿಂಡು’ ಅಂದರೆ ರಸ ತೆಗೆದ ಹಾಗೆ. ‘ಕುಗ್ಗಿಸು’ ಅಂದರೆ ಎಲ್ಲ ಕಡೆಯಿಂದಲೂ ಚಿಕ್ಕದಾದ ಹಾಗೆ. ನನಗೆ ಹಿಡಿಸಿದ್ದು ಟೈಲರ್‌ಗಳ ಮಾತು. ರವಿಕೆ ಲೂಸ್ ಆದರೆ ಪಕ್ಕದಲ್ಲಿ ‘ಹಿಡಿಯುತ್ತಾರೆ’, ಬಿಗಿಯಾದರೆ ‘ಬಿಡುತ್ತಾರೆ’. ಉದ್ದ ಮುಟ್ಟುವುದಿಲ್ಲ. ಬಟ್ಟೆಯೂ ಎಲ್ಲಿಗೂ ಹೋಗಿರುವುದಿಲ್ಲ, ಒಳಗೇ ಇರುತ್ತದೆ. ಹಾಗಾಗಿ ‘ಅಗಲ ಹಿಡಿ’, ‘ಅಗಲ ಬಿಡು’ ಅನ್ನಬಹುದಲ್ವಾ?

ಒಂದು ತೊಡಕಿದೆ. ‘ಅಗಲ ಬಿಟ್ಟ ಚಿತ್ರ’ ಅಂದರೆ ಅಗಲವನ್ನೇ ಕೈಬಿಟ್ಟ ಚಿತ್ರ ಅಂತಲೂ ಓದಬಹುದು. ‘ಬಿಡಿಸು’ ಅನ್ನೋಣವೆಂದರೆ, ಚಿತ್ರ ಬಿಡಿಸುವುದು ಅಂದರೆ ಬರೆಯುವುದು. ‘ಅಗಲ ಬಿಚ್ಚು’ ಹೇಗೆ?

ಇನ್ನೊಂದು, ತುಂಬ ಅಗಲದ ಚಿತ್ರಕ್ಕೆ ಹೇಳುವ ‘ಸ್ಕೋಪ್’ ಎಂಬ ಪದದ ಬಳಕೆ. 1953ರಲ್ಲಿ ಫಾಕ್ಸ್ ಕಂಪನಿ ತಂದ ಸಿನಿಮಾಸ್ಕೋಪ್ ಇದೇ ಬಗೆಯ ಲೆನ್ಸಿನದು. ಫ್ರಾನ್ಸಿನ ಆನ್ರಿ ಕ್ರೆಟಿಯನ್ ಕಂಡುಹಿಡಿದದ್ದು. ಈಗ ಮಾಮೂಲಿ ವಿಡಿಯೋಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿದರೂ ನಮ್ಮಲ್ಲಿ ‘ಸ್ಕೋಪ್’ ಅನ್ನುತ್ತಾರೆ. 1080 ಸಾಲಿನ ವಿಡಿಯೋವನ್ನು 2.39:1ಕ್ಕೆ ಕತ್ತರಿಸಿದರೆ ಉಳಿಯುವುದು ಸುಮಾರು 803 ಸಾಲು. ಕಾಲು ಭಾಗ ಚಿತ್ರ ಸುಮ್ನೆ ಹೋಯಿತು. ಲೆನ್ಸಿನಿಂದ ಬಂದದ್ದರಲ್ಲಿ ಅಷ್ಟೂ ಸಾಲು ಕೆಲಸಕ್ಕೆ ಬರುತ್ತವೆ. ದೀಪದಿಂದ ಅಡ್ಡಕ್ಕೆ ಹರಿಯುವ ಬೆಳಕಿನ ಗೆರೆ, ಹಿಂದೆ ಮಸುಕಾದ ದೀಪಗಳ ಮೊಟ್ಟೆಯಾಕಾರ, ಇವು ಪಟ್ಟಿ ಹಾಕಿದರೆ ಬರುವುದಿಲ್ಲ. ಎರಡಕ್ಕೂ ಒಂದೇ ಹೆಸರಿದ್ದರೆ ಕಲಿಯುವವರಿಗೆ ಗೊಂದಲ. ಕತ್ತರಿಸಿದ್ದನ್ನು ‘ಪಟ್ಟಿ ಚಿತ್ರ’ ಎಂದು ಕರೆಯಬೇಕೆಂದು ನನ್ನ ಆಸೆ.

ನಿಮ್ಮ ಊರಿನ ಟೈಲರ್‌ಗಳು, ಹಳೆಯ ಪ್ರೊಜೆಕ್ಟರ್ ಆಪರೇಟರ್‌ಗಳು ಇದಕ್ಕೆಲ್ಲ ಏನನ್ನುತ್ತಿದ್ದರು? ಗೊತ್ತಿದ್ದವರು ದಯವಿಟ್ಟು ಬರೆಯಿರಿ.