ಸಣ್ಣ ಹನಿಗೇ ಬೈಕ್ ಜಾರಿತು, ಸಿಬಿಎಸ್ ಇದ್ದೂ ಯಾಕೆ ಹೀಗೆ?

ವೇಮಗಲ್ 125
ನಮಸ್ಕಾರ. ನಾನು ವೇಮಗಲ್‌ನಿಂದ ನರಸಾಪುರದ ಫ್ಯಾಕ್ಟರಿಗೆ ದಿನಾ ಬೈಕಲ್ಲಿ ಹೋಗುತ್ತೇನೆ. ಮೊನ್ನೆ ಸಂಜೆ ಶಿಫ್ಟ್ ಮುಗಿಸಿ ಹೊರಟಾಗ ಹನಿ ಶುರುವಾಯಿತು, ಜೋರು ಮಳೆಯೇನಲ್ಲ. ಮುಂದಿದ್ದ ಟೊಮೆಟೊ ಟೆಂಪೊ ಇದ್ದಕ್ಕಿದ್ದಂತೆ ನಿಧಾನ ಮಾಡಿತು, ಗಾಬರಿಯಲ್ಲಿ ಹಿಂದಿನ ಬ್ರೇಕ್ ಪೂರ್ತಿ ತುಳಿದೆ, ಹಿಂದಿನ ಚಕ್ರ ಪಕ್ಕಕ್ಕೆ ಎಳೆದು ಬಿದ್ದೆ. ಸ್ಪೀಡು 40 ಇರಬಹುದು. ಮೊಣಕೈ ತರಚಿದೆ, ಅಷ್ಟೆ. ಬೈಕು 125 ಸಿಸಿ, ಸಿಬಿಎಸ್ (ಎರಡೂ ಚಕ್ರದ ಬ್ರೇಕ್ ಜೋಡಿಸಿರುವ ವ್ಯವಸ್ಥೆ) ಇದೆ. ಮತ್ತೆ ಯಾಕೆ ಜಾರಿತು? ಈಗ ಹಸ್ತ, ಆಮೇಲೆ ಚಿತ್ತೆ, ನಮ್ಮ ಕಡೆ ಮಳೆ ಜಾಸ್ತಿ ಬರೋದೇ ಈಗ ಅಲ್ವಾ. ಮುಂದಿನ ವಾರ ರಾತ್ರಿ ಪಾಳಿ. ನಿಜವಾಗಿ ಭಯ ಆಗಿದೆ.

ಹಳೇ ಸವಾರ
ದೊಡ್ಡ ಏಟಾಗಲಿಲ್ಲವಲ್ಲ, ಸದ್ಯ. ತಮ್ಮಾ, ಸಿಬಿಎಸ್ ಬೇರೆ, ಎಬಿಎಸ್ ಬೇರೆ. 2019ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳಲ್ಲಿ 125 ಸಿಸಿ ದಾಟಿದ್ದಕ್ಕೆ ಎಬಿಎಸ್ ಕಡ್ಡಾಯ ಮಾಡಿದರು, 125 ಮತ್ತು ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಇದ್ದರೂ ಸಾಕು ಅಂದರು. ಸಿಬಿಎಸ್‌ನಲ್ಲಿ ಹಿಂದಿನದು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಚಕ್ರ ಲಾಕ್ ಆಗೋದನ್ನು, ಅಂದರೆ ತಿರುಗದೆ ನಿಂತು ಜಾರೋದನ್ನು, ಅದು ತಡೆಯೋದಿಲ್ಲ. ಅದನ್ನು ತಡೆಯೋದು ಎಬಿಎಸ್.

ಇನ್ನು ಸಣ್ಣ ಹನಿ ಅಂದೆಯಲ್ಲ, ಅದೇ ಅಪಾಯ. ಒಣಗಿದ ರಸ್ತೆ ಮೇಲೆ ಲಾರಿಗಳ ಆಯಿಲ್, ಧೂಳು, ತೋಟದಿಂದ ಟ್ರ್ಯಾಕ್ಟರ್ ಹೊತ್ತು ತಂದ ಕೆಮ್ಮಣ್ಣು ಎಲ್ಲಾ ಕೂತಿರುತ್ತದೆ. ಮೊದಲ ಹನಿ ಅದನ್ನು ತೊಳೆಯೋದಿಲ್ಲ, ಕಲಸುತ್ತದೆ. ಚೆನ್ನಾಗಿ ಸುರಿದು ತೊಳೆದ ಮೇಲೆ ಅದೇ ರಸ್ತೆ ಎಷ್ಟೋ ವಾಸಿ. ಹಾಗಾಗಿ ಹನಿ ಶುರುವಾದರೆ ಯಾವುದಾದರೂ ಟೀ ಅಂಗಡಿ ಹತ್ತಿರ ನಿಲ್ಲಿಸು, ಮನೆಗೆ ಅರ್ಧ ಗಂಟೆ ತಡವಾದರೆ ಆಗಲಿ. ಬ್ರೇಕ್ ಹಿಡಿಯುವಾಗ ಮೊದಲು ಆಕ್ಸಿಲರೇಟರ್ ಬಿಡು, ಬೈಕ್ ನೆಟ್ಟಗಿರಲಿ, ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ ಶುರು ಮಾಡಿ ಒತ್ತುತ್ತಾ ಹೋಗು. ಮಳೆಯಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು ಅನ್ನುತ್ತಾರೆ, ಅದು ತಪ್ಪು. ಫಟ್ ಅಂತ ಹಿಡಿಯಬಾರದು, ಅಷ್ಟೆ. ಗೇರ್ ಕೂಡ ಒಂದೊಂದೇ ಇಳಿಸು, ಕ್ಲಚ್ ಸರ್ರನೆ ಬಿಟ್ಟರೆ ಅದಕ್ಕೂ ಹಿಂದಿನ ಚಕ್ರ ಜಾರುತ್ತದೆ. ಟೆಂಪೊ ದಾಟಿದ ಜಾಗಕ್ಕೆ ನೀನು ನಾಲ್ಕು ಸೆಕೆಂಡ್ ಆದಮೇಲೆ ತಲುಪುವಷ್ಟು ದೂರ ಬಿಡು.

ಕ್ಲಾಕ್ ಟವರ್ ಗುರು
ಟೈರಲ್ಲಿ ಗಾಳಿ ಸ್ವಲ್ಪ ಕಮ್ಮಿ ಮಾಡಿಸಿ ಬ್ರೋ, ಗ್ರಿಪ್ ಬರುತ್ತದೆ.

ಗ್ಯಾರೇಜ್ ಕೋಲಾರ
ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಕಮ್ಮಿಯಾದರೆ ಟೈರಿನ ಗೆರೆಗಳು ನೀರನ್ನು ಸರಿಯಾಗಿ ಹೊರಗೆ ತಳ್ಳೋದಿಲ್ಲ, ತಿರುವಿನಲ್ಲಿ ಬೈಕ್ ಓಲಾಡುತ್ತದೆ. ಕಂಪನಿ ಹೇಳಿದಷ್ಟೇ ಇರಲಿ. ಟೈರ್ ಪಕ್ಕದಲ್ಲಿ ಟಿಡಬ್ಲ್ಯೂಐ ಅಂತ ಗುರುತಿರುತ್ತದೆ, ಅದರ ನೇರಕ್ಕೆ ಗೆರೆಯೊಳಗೆ ಸಣ್ಣ ದಿಬ್ಬ ಇದೆ. ರಬ್ಬರ್ ಸವೆದು ಆ ದಿಬ್ಬಕ್ಕೆ ಸಮ ಆಗಿದ್ದರೆ ಟೈರ್ ಮುಗಿಯಿತು. ನಿಂತ ನೀರಿನಲ್ಲಿ ಹಾದು ಬಂದ ಮೇಲೆ ಡ್ರಮ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯೋದೇ ಇಲ್ಲ. ಹಿಂದೆ ಯಾರೂ ಇಲ್ಲದಾಗ ಮೆಲ್ಲಗೆ ಒತ್ತಿಕೊಂಡೇ ಹೋಗಿ, ಒಣಗುತ್ತದೆ.

ಮಾಲೂರು ಸ್ಕೂಟರ್
ಇನ್ನೊಂದು ಮಾತು ಅಣ್ಣ. ಉದ್ದ ರೈನ್‌ಕೋಟ್ ಹಿಂದೆ ಇಳಿಬಿದ್ದು ಟೈಲ್ ಲೈಟ್ ಮುಚ್ಚಿಬಿಡುತ್ತದೆ, ರಾತ್ರಿ ಲಾರಿಯವರಿಗೆ ನೀವು ಕಾಣೋದೇ ಇಲ್ಲ. ಪ್ಯಾಂಟ್ ಶರ್ಟ್ ಥರದ್ದು ತೆಗೆದುಕೊಳ್ಳಿ. ರಸ್ತೆಯ ಬಿಳಿ ಪಟ್ಟಿ, ಚರಂಡಿಯ ಕಬ್ಬಿಣದ ಮುಚ್ಚಳ ಇವುಗಳ ಮೇಲೆ ಬ್ರೇಕ್ ಬೇಡ. ರೈಲ್ವೆ ಗೇಟಲ್ಲಿ ಹಳಿಯನ್ನು ನೇರವಾಗಿ ದಾಟಿ, ಓರೆಯಾಗಿ ಹೋಗಬೇಡಿ.

ವೇಮಗಲ್ 125
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಟಾರ್ಚ್ ಹಾಕಿ ನೋಡಿದೆ, ಹಿಂದಿನ ಟೈರ್ ದಿಬ್ಬಕ್ಕೆ ಸಮ ಆಗಿದೆ. ನಾಳೆಯೇ ಹಾಕಿಸುತ್ತೇನೆ. ಹೊಸ ಟೈರಿಗೆ ಮೊದಲ ದಿನಗಳಲ್ಲಿ ಗ್ರಿಪ್ ಇರೋದಿಲ್ಲ ಅನ್ನುತ್ತಾರಲ್ಲ, ನಿಜವಾ?

ಗ್ಯಾರೇಜ್ ಕೋಲಾರ
ನಿಜ. ಮೇಲಿನ ನುಣುಪು ಹೋಗೋಕೆ ಸುಮಾರು 150 ಕಿಲೋಮೀಟರ್ ಬೇಕು. ಅಲ್ಲಿವರೆಗೆ ತಿರುವಿನಲ್ಲಿ ಜಾಸ್ತಿ ವಾಲಿಸಬೇಡಿ. ಆದರೆ ರಾತ್ರಿ ಪಾಳಿಗೆ ಮೊದಲೇ ಹಾಕಿಸಿ.