ಫಿಲಿಪ್ ಮಾರ್ಲೋ ಪಾತ್ರಕ್ಕೆ ನಿಮ್ಮ ಆಯ್ಕೆ ಯಾರು?

ಹಳೆಯ ರೀಲು:
ಖಾಸಗಿ ಪತ್ತೇದಾರ ಫಿಲಿಪ್ ಮಾರ್ಲೋನನ್ನು ಸೃಷ್ಟಿಸಿದ ರೇಮಂಡ್ ಚಾಂಡ್ಲರ್‌ನ ಕಾದಂಬರಿಗಳನ್ನು ಮತ್ತೆ ಓದುತ್ತಿದ್ದೇನೆ. ಎಷ್ಟು ಓದಿದರೂ ಮಾರ್ಲೋನ ಮುಖ ಕಣ್ಣಿಗೆ ಕಟ್ಟುತ್ತಿಲ್ಲ. ತೆರೆಯ ಮೇಲೆ ಮಾರ್ಲೋ ಆಗಿದ್ದ ನಟ ಹಂಫ್ರಿ ಬೊಗಾರ್ಟ್ ಬಂದು ನಿಲ್ಲುತ್ತಾನೆ, ಎರಡು ಪುಟ ದಾಟುವಷ್ಟರಲ್ಲಿ ಮಾಯವಾಗುತ್ತಾನೆ. 1939ರ ‘ದಿ ಬಿಗ್ ಸ್ಲೀಪ್’ ಕಾದಂಬರಿಯ ಮಾರ್ಲೋ 33 ವರ್ಷದ ಎತ್ತರದ ಆಳು. 1946ರಲ್ಲಿ ಚಿತ್ರ ತೆರೆಗೆ ಬಂದಾಗ ಬೊಗಾರ್ಟ್‌ಗೆ 46, ಎತ್ತರವೂ ಸಾಲದು. ನಿಮ್ಮ ಮಾರ್ಲೋ ಯಾರು? ‘ಎಲ್ಲರೂ ಚೆನ್ನಾಗಿ ಮಾಡಿದ್ದಾರೆ’ ಎಂಬ ಉತ್ತರ ಮಾತ್ರ ಬೇಡ.

ಮೂರನೇ ಸಾಲು:
ಬೊಗಾರ್ಟ್, ಅನುಮಾನವೇ ಇಲ್ಲ. ಎತ್ತರದ ಕೊರತೆಯನ್ನು ಆ ಚಿತ್ರ ಮುಚ್ಚಿಡಲೇ ಇಲ್ಲವಲ್ಲ! ಕಾದಂಬರಿಯ ಮೊದಲ ಭೇಟಿಯಲ್ಲಿ, ಮಾರ್ಲೋಗೆ ಕೆಲಸ ಕೊಟ್ಟವನ ಮಗಳು ಕಾರ್ಮೆನ್ ‘ತುಂಬ ಎತ್ತರ ಇದ್ದೀಯಲ್ಲ’ ಎನ್ನುತ್ತಾಳೆ. ಚಿತ್ರದಲ್ಲಿ ಅದೇ ಹುಡುಗಿ ‘ಅಷ್ಟೇನೂ ಎತ್ತರ ಇಲ್ಲವಲ್ಲ’ ಎಂದರೆ, ಪ್ರಯತ್ನವಂತೂ ಮಾಡುತ್ತಿದ್ದೇನೆ ಎಂದು ಬೊಗಾರ್ಟ್ ಉತ್ತರಿಸುತ್ತಾನೆ. ಅಲ್ಲಿಗೆ ತಕರಾರು ಮುಗಿಯಿತು.

ಇರುಳುಗಣ್ಣ:
ಮೂರನೇ ಸಾಲು ಅವರೇ, ಎತ್ತರ ಅಳೆದು ಮಾರ್ಲೋನನ್ನು ಹುಡುಕುವುದೇ ದಾರಿ ತಪ್ಪಿದ ಕೆಲಸ. ಕಥೆಯನ್ನೆಲ್ಲ ಅವನೇ ಹೇಳುತ್ತಾನೆ. ನಾವು ಅವನನ್ನು ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಆದ್ದರಿಂದ ಮೊದಲು ದನಿ ಆರಿಸಬೇಕು, ಮುಖ ಆಮೇಲೆ. 1947ರ ‘ಲೇಡಿ ಇನ್ ದ ಲೇಕ್’ ನೋಡಿ. ಅದನ್ನು ನಿರ್ದೇಶಿಸಿ ತಾನೇ ಮಾರ್ಲೋ ಆದ ರಾಬರ್ಟ್ ಮಾಂಟ್ಗಮರಿ ಕ್ಯಾಮೆರಾವನ್ನೇ ಮಾರ್ಲೋನ ಕಣ್ಣಾಗಿಸಿದ. ಮುಖ ಕಾಣುವುದು ಹೆಚ್ಚಾಗಿ ಕನ್ನಡಿಯ ಮುಂದೆ ನಿಂತಾಗ. ಉಳಿದದ್ದೆಲ್ಲ ದನಿ, ಆ ದನಿಯೋ ಸದಾ ಸಿಡುಕು. ಅರ್ಧಕ್ಕೇ ಸಾಕೆನಿಸಿತು.

ನನ್ನ ಮತ ರಾಬರ್ಟ್ ಮಿಚಮ್‌ಗೆ. 1975ರ ‘ಫೇರ್‌ವೆಲ್, ಮೈ ಲವ್ಲಿ’ ಚಿತ್ರದ ಆರಂಭದಲ್ಲಿ ಹೋಟೆಲಿನ ಕಿಟಕಿಯ ಬಳಿ ನಿಂತು, ದಣಿವಾಗುತ್ತಿದೆ, ವಯಸ್ಸಾಗುತ್ತಿದೆ ಎಂದು ತಾನೇ ಹೇಳಿಬಿಡುತ್ತಾನೆ. 1917ರಲ್ಲಿ ಹುಟ್ಟಿದವನು ಬೇರೇನು ಹೇಳಬೇಕು? ಭಾರವಾದ ರೆಪ್ಪೆಗಳು, ಯಾವ ಅವಸರವೂ ಇಲ್ಲದ ಮಾತು. ಒದೆ ತಿಂದರೂ ಬೆಳಿಗ್ಗೆ ಎದ್ದು ಅದೇ ಕೋಟು ತೊಟ್ಟು ಹೊರಡುವ ಮನುಷ್ಯ ಎಂದು ನಂಬಿಕೆ ಬರುತ್ತದೆ.

ಬೆಕ್ಕಿನ ಮನೆ:
ದನಿಯೊಂದೇ ಸಾಕಿದ್ದರೆ 1978ರಲ್ಲಿ ಅದೇ ಮಿಚಮ್‌ನ ‘ದಿ ಬಿಗ್ ಸ್ಲೀಪ್’ ಏಕೆ ಅಷ್ಟು ಸಪ್ಪೆಯಾಯಿತು? ಕಥೆಯನ್ನು ಇಂಗ್ಲೆಂಡಿಗೆ ಸಾಗಿಸಿದರು. ಲಾಸ್ ಏಂಜಲೀಸ್ ಇಲ್ಲದ ಮೇಲೆ ಮಾರ್ಲೋ ಬಾಡಿಗೆ ಮನೆಯಲ್ಲಿದ್ದಂತೆ ಕಾಣುತ್ತಾನೆ.

ನನಗೆ ಎಲಿಯಟ್ ಗೌಲ್ಡ್ ಸಾಕು. 1973ರ ‘ದ ಲಾಂಗ್ ಗುಡ್‌ಬೈ’ ಚಿತ್ರದಲ್ಲಿ ನಡುರಾತ್ರಿ ಬೆಕ್ಕಿಗೆ ತಿನಿಸು ತರಲು ಅಂಗಡಿಗೆ ಹೋಗುತ್ತಾನೆ. ಅದಕ್ಕೆ ಇಷ್ಟವಾದದ್ದು ಸಿಗುವುದಿಲ್ಲ. ಮನೆಗೆ ಬಂದು ಬೆಕ್ಕನ್ನು ಅಡುಗೆಮನೆಯಿಂದ ಹೊರಗಿಟ್ಟು, ಬೇರೆ ತಿನಿಸನ್ನು ಹಳೆಯ ಡಬ್ಬಿಗೆ ತುಂಬಿ ಬಡಿಸುತ್ತಾನೆ. ಬೆಕ್ಕು ಮೋಸ ಹೋಗುವುದಿಲ್ಲ. ಊರನ್ನೆಲ್ಲ ಶೋಧಿಸುವ ಪತ್ತೇದಾರನ ಕೈಚಳಕ ಇಷ್ಟೇ!

ಹಳೆಯ ರೀಲು:
ಬೆಕ್ಕಿಗೆ ನನ್ನದೂ ಒಂದು ಮತ. ಆದರೆ ಚಾಂಡ್ಲರ್‌ನನ್ನೇ ಕೇಳಿದ್ದರೆ, ತನ್ನ ಮನಸ್ಸಿನ ಮಾರ್ಲೋಗೆ ಹತ್ತಿರದವನು ಠಾಕುಠೀಕಿನ ನಟ ಕ್ಯಾರಿ ಗ್ರಾಂಟ್ ಎನ್ನುತ್ತಿದ್ದ. ಇದಕ್ಕೇನು ಹೇಳುತ್ತೀರಿ?

ಇರುಳುಗಣ್ಣ:
ಬರೆದವನ ಮಾತನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಡಿ. ಗ್ರಾಂಟ್ ಮೆಟ್ಟಿಲ ಮೇಲಿಂದ ಉರುಳಿ ಬಿದ್ದರೂ ಕೋಟಿನ ಇಸ್ತ್ರಿ ಕೆಡುವುದಿಲ್ಲ.